ಏಡಿಯ ಕೆಂಪು, ಸ್ಪಂಜಿನ ಕೊಬ್ಬು: ಕೆ.ಆರ್.ಎಸ್. ರಸ್ತೆಯಲ್ಲಿ ನಿಂತು ನೋಡಿದ ಕಡಲ ಚರಿತ್ರೆ

ಮೇಟಗಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಕೆ.ಆರ್.ಎಸ್. ರಸ್ತೆಯ ಅಂಚಿನಲ್ಲಿ ಒಬ್ಬ ಅಕ್ಕ ಬಕೆಟ್ ಇಟ್ಟುಕೊಂಡು ಕೂರುತ್ತಾರೆ. ಬಕೆಟ್‌ನಲ್ಲಿ ಏಡಿ. ಬೆಳಗೊಳದ ಕಡೆಯ ಗದ್ದೆ ಬದುಗಳಲ್ಲಿ, ನಾಲೆಗಳಲ್ಲಿ ಹಿಡಿದು ತಂದ ಏಡಿ. ಕಾಲು ಮುರಿಯದಂತೆ ಸೊಪ್ಪು ಮುಚ್ಚಿರುತ್ತಾರೆ. ಮಳೆಗಾಲ ಹಿಡಿದ ಮೇಲಂತೂ ಹತ್ತು ಗಂಟೆಯೊಳಗೆ ಬಕೆಟ್ ಖಾಲಿ.

ಈ ಸಲ ನಾವು ಹೋದಾಗ ಅಕ್ಕ ವ್ಯಾಪಾರಕ್ಕಿಂತ ಹೆಚ್ಚು ಮನೆಯ ಸಂಕಟವನ್ನೇ ಹೇಳಿಕೊಂಡರು. 'ನಮ್ಮನೆಯವ್ರಿಗೆ ಕೊಲೆಸ್ಟ್ರಾಲ್ ಜಾಸ್ತಿ ಆಗದಂತೆ ಕಣಣ್ಣ. ಏಡಿ, ಸೀಗಡಿ ಮುಟ್ಟಲೇಬೇಡಿ ಅಂದ್ಬುಟ್ರು. ಸರಿ, ಬಿಟ್ವಿ. ಆಮೇಲೆ ನಮ್ಮ ಬೀದಿಗೆ ಒಬ್ರು ಮಾತ್ರೆ ಮಾರೋರು ಬಂದ್ರು. ಕೆಂಪು ಮಾತ್ರೆ. ಸಮುದ್ರದ ಸೀಗಡೀಲಿ ಇರೋ ಶಕ್ತಿ ಇದ್ರಲ್ಲದೆ, ರಕ್ತ ಶುದ್ಧಿ ಆಯ್ತದೆ ಅಂದ್ರು. ಒಂದು ಡಬ್ಬಿ ತಗೊಂಡ್ವಿ. ಈಗ ಹೇಳಿ, ಏಡಿ ಕೆಟ್ಟದ್ದಾ, ಒಳ್ಳೇದಾ?'

ನಮಗೆ ನಗು ಬರಲಿಲ್ಲ. ಒಂದೇ ಮನೆಯಲ್ಲಿ ಏಡಿ ಬಿಡಿಸಿದ್ದಾರೆ, ಏಡಿಯ ಬಣ್ಣವನ್ನು ದುಡ್ಡು ಕೊಟ್ಟು ಕೊಳ್ಳಿಸಿದ್ದಾರೆ. ಎರಡೂ ಮಾತು 'ಕೊಬ್ಬು' ಎಂಬ ಒಂದೇ ಪದದ ಸುತ್ತ ಸುತ್ತುತ್ತಿವೆ. ಬೆನ್ನುಮೂಳೆ ಇಲ್ಲದ ಕಡಲ ಜೀವಿಗಳಲ್ಲಿ, ಅಂದರೆ ಏಡಿ, ಸೀಗಡಿ, ಚಿಪ್ಪುಜೀವಿ, ಹವಳ, ಸ್ಪಂಜುಗಳಲ್ಲಿ ಇರುವ ಕೊಬ್ಬು ಎಂಥದು, ಅದನ್ನು ಮನುಷ್ಯ ಯಾವಾಗ, ಹೇಗೆ ತಿಳಿದುಕೊಂಡ ಎಂದು ನಾವು ಹುಡುಕುತ್ತಾ ಹೊರಟೆವು. ಸಮುದ್ರ ಮೈಸೂರಿನಿಂದ ಬಲು ದೂರ. ಆದರೂ ಈ ಕಥೆಯ ಎರಡು ಮೂರು ಮುಖ್ಯ ಎಳೆಗಳು ಇದೇ ಕೆ.ಆರ್.ಎಸ್. ರಸ್ತೆಯ ಮೇಲೆಯೇ ಸಿಕ್ಕವು.

ಒಂದು ರಸ್ತೆ, ಇಬ್ಬರು ರಾಜಕುಮಾರಿಯರು

ರೈಲ್ವೆ ನಿಲ್ದಾಣದ ಕಡೆಯಿಂದ ಮೇಟಗಳ್ಳಿಗೆ ಬರುವಾಗ ಚೆಲುವಾಂಬ ಮ್ಯಾನ್ಷನ್ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ತಮ್ಮ ಸೋದರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆ ಅದು. 1950ರ ಅಕ್ಟೋಬರ್ 21ರಿಂದ ಅಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ನಮ್ಮೂರಿನ ಬಾಯಲ್ಲಿ ಸಿಎಫ್‌ಟಿಆರ್‌ಐ. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡುವ ವಿಧಾನವನ್ನು ದೇಶಕ್ಕೆ ಕೊಟ್ಟದ್ದು ಈ ಸಂಸ್ಥೆಯೇ.

ಅದೇ ರಸ್ತೆಯಲ್ಲಿ ಮುಂದೆ ಬಂದರೆ ಪಿ.ಕೆ. ಸ್ಯಾನಟೋರಿಯಂ. ಕ್ಷಯರೋಗಕ್ಕೆ ತುತ್ತಾದ ಇನ್ನೊಬ್ಬ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆ. ಕ್ಷಯಕ್ಕೂ ಕಡಲ ಕೊಬ್ಬಿಗೂ ಹಳೆಯ ನಂಟಿದೆ. 1841ರಲ್ಲಿ ಜಾನ್ ಹ್ಯೂಸ್ ಬೆನೆಟ್ ಎಂಬ ಬ್ರಿಟಿಷ್ ವೈದ್ಯರು ಕಾಡ್ ಮೀನಿನ ಲಿವರ್ ಎಣ್ಣೆಯ ಮೇಲೆ ಪುಸ್ತಕ ಬರೆದರು. ಆಮೇಲೆ ಕ್ಷಯರೋಗಿಗಳಿಗೆ ಆ ಎಣ್ಣೆ ಕುಡಿಸುವುದು ಜಗತ್ತಿನ ಹಲವು ಕಡೆ ರೂಢಿಯಾಯಿತು. ಆಗ ಕ್ಷಯಕ್ಕೆ ನಿಜವಾದ ಔಷಧಿ ಇರಲಿಲ್ಲ. ಮೀನೆಣ್ಣೆಯಲ್ಲಿ ಎ ಮತ್ತು ಡಿ ವಿಟಮಿನ್ ಇರುವುದು ಗೊತ್ತಾದದ್ದೂ 20ನೇ ಶತಮಾನದಲ್ಲಿ. ಗುಣ ಗೊತ್ತಾಗುವ ಮೊದಲೇ ಚಮಚ ಬಾಯಿಗೆ ಬಂದಿತ್ತು.

ಹಳೆಯ ಕಾಲದವರು ಕಡಲಿನಲ್ಲಿ ಎಣ್ಣೆ ಹುಡುಕಿದ್ದು ಎಣ್ಣೆ ಧಾರಾಳವಾಗಿ ಸಿಗುವ ಕಡೆ. ತಿಮಿಂಗಿಲದಲ್ಲಿ, ಕಾಡ್ ಮೀನಿನ ಲಿವರ್‌ನಲ್ಲಿ, ನಮ್ಮ ಕರಾವಳಿಯ ಬೂತಾಯಿಯಲ್ಲಿ. ಬೂತಾಯಿ ಬೇಯಿಸಿ ತೆಗೆದ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. ಏಡಿ, ಸೀಗಡಿ, ಸ್ಪಂಜಿನಲ್ಲಿ ಹಿಂಡಿ ತೆಗೆಯುವಷ್ಟು ಎಣ್ಣೆ ಇಲ್ಲ. ನೂರು ಗ್ರಾಂ ಸೀಗಡಿ ಮಾಂಸದಲ್ಲಿ ಕೊಬ್ಬು ಒಂದೆರಡು ಗ್ರಾಂ ಮಾತ್ರ. ಹಾಗಾಗಿ ವ್ಯಾಪಾರಿಗೂ ಬೇಕಾಗಲಿಲ್ಲ, ಬಹುಕಾಲ ರಸಾಯನಶಾಸ್ತ್ರದವರಿಗೂ ಬೇಕಾಗಲಿಲ್ಲ.

ಕಬ್ಬಿನ ಜಲ್ಲೆಯ ಲೆಕ್ಕ

ಮುಂದೆ ಹೋಗುವ ಮೊದಲು ಕೊಬ್ಬು ಅಂದರೇನು ಎಂದು ಸ್ವಲ್ಪ ನೋಡೋಣ. ಕಷ್ಟವೇನಿಲ್ಲ, ಮಂಡ್ಯ ಮೈಸೂರಿನವರಿಗೆ ಕಬ್ಬು ಗೊತ್ತಿದ್ದರೆ ಸಾಕು.

ಎಣ್ಣೆ, ತುಪ್ಪ ಎಲ್ಲದರ ಒಳಗಿನ ಮುಖ್ಯ ಸರಕು ಕೊಬ್ಬಿನ ಆಮ್ಲ. ಅದೊಂದು ಉದ್ದನೆಯ ಸರಪಳಿ. ಕಬ್ಬಿನ ಜಲ್ಲೆಯಲ್ಲಿ ಗೆಣ್ಣು ಇದ್ದಂತೆ ಅದರಲ್ಲಿ ಇಂಗಾಲದ ಪರಮಾಣುಗಳು ಸಾಲಾಗಿರುತ್ತವೆ. ಕೆಲವು ಜಲ್ಲೆ ನೇರ. ನೇರ ಜಲ್ಲೆಗಳನ್ನು ಕಂತೆ ಕಟ್ಟುವುದು ಸುಲಭ, ಒತ್ತಾಗಿ ಕೂರುತ್ತವೆ. ತೆಂಗಿನೆಣ್ಣೆಯಲ್ಲಿ ಹೆಚ್ಚಿನವು ನೇರ ಜಲ್ಲೆಗಳು, ಅದಕ್ಕೇ ಮಾರ್ಗಶಿರದ ಚಳಿಗೆ ಸೀಸೆಯಲ್ಲಿ ಗಟ್ಟಿಯಾಗುತ್ತದೆ. ಕೆಲವು ಜಲ್ಲೆಗಳಲ್ಲಿ ಎರಡು ಗೆಣ್ಣುಗಳ ನಡುವೆ ಜೋಡಿ ಬಂಧ ಇರುತ್ತದೆ. ಅಲ್ಲಿ ಜಲ್ಲೆ ಬಾಗುತ್ತದೆ. ಬಾಗಿದ ಜಲ್ಲೆಗಳನ್ನು ಕಂತೆ ಕಟ್ಟಲು ಬರುವುದಿಲ್ಲ, ಸಡಿಲವಾಗಿ ಉಳಿಯುತ್ತವೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಅದೇ ಚಳಿಯಲ್ಲಿ ನೀರಾಗಿಯೇ ಇರುವುದು ಅದಕ್ಕೆ.

ನಮ್ಮ ಅಡುಗೆ ಎಣ್ಣೆಗಳಲ್ಲಿ ಸಾಮಾನ್ಯವಾಗಿ 18 ಗೆಣ್ಣಿನ ಜಲ್ಲೆ, ಒಂದೋ ಎರಡೋ ಬಾಗು. ಕಡಲಿನ ಮೀನಿನಲ್ಲಿ 20 ಗೆಣ್ಣಿಗೆ 5 ಬಾಗು, 22 ಗೆಣ್ಣಿಗೆ 6 ಬಾಗು ಇರುವ ಜಲ್ಲೆಗಳಿವೆ. ಮೆಡಿಕಲ್ ಅಂಗಡಿಯಲ್ಲಿ 'ಒಮೆಗಾ-3' ಎಂದು ಮಾರುವುದು ಇವನ್ನೇ. ಬಾಗು ಹೆಚ್ಚಿದ್ದರೆ ತಣ್ಣೀರಿನಲ್ಲೂ ಕೊಬ್ಬು ಗಟ್ಟಿಯಾಗುವುದಿಲ್ಲ. ನೆಲದ ಎಣ್ಣೆಯಿರಲಿ ಮೀನಿನ ಎಣ್ಣೆಯಿರಲಿ, ಒಂದು ನಿಯಮ ಮಾತ್ರ ತಪ್ಪುವುದು ಅಪರೂಪ. ಒಂದು ಬಾಗಿಗೂ ಮುಂದಿನ ಬಾಗಿಗೂ ಅಂತರ ಮೂರು ಗೆಣ್ಣು. ಸೂರ್ಯಕಾಂತಿ ಎಣ್ಣೆಯ ಮುಖ್ಯ ಆಮ್ಲದಲ್ಲಿ ಬಾಗು ಇರುವುದು 9ರಲ್ಲಿ ಮತ್ತು 12ರಲ್ಲಿ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ಕಡಲ ತಳದಲ್ಲಿ ಅದು ಮುರಿಯುತ್ತದೆ.

ಕೊಳ್ಳೇಗಾಲದಿಂದ ಲಿವರ್‌ಪೂಲ್‌ಗೆ

ಈ ಜಲ್ಲೆಗಳ ಲೆಕ್ಕ ಹಾಕಿದವರಲ್ಲಿ ನಮ್ಮ ಕಡೆಯವರೊಬ್ಬರು ಇದ್ದಾರೆ. ಕೆ.ಟಿ. ಅಚ್ಚಯ. ಹುಟ್ಟಿದ್ದು 1923ರಲ್ಲಿ, ಕೊಳ್ಳೇಗಾಲದಲ್ಲಿ. ಭಾರತದ ಊಟದ ಇತಿಹಾಸ ಬರೆದವರೆಂದು ಇವರ ಹೆಸರು ಪ್ರಸಿದ್ಧ. ಆದರೆ ಮೂಲತಃ ಅವರು ಎಣ್ಣೆಯ ರಸಾಯನಶಾಸ್ತ್ರಜ್ಞರು.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಅವರು ಕೆಲಸ ಮಾಡಿದ್ದು ಟಿ.ಪಿ. ಹಿಲ್ಡಿಚ್ ಅವರ ಜೊತೆ. ಆ ಕಾಲಕ್ಕೆ ಕೊಬ್ಬಿನ ವಿಷಯದಲ್ಲಿ ಹಿಲ್ಡಿಚ್ ಹೇಳಿದ್ದೇ ಮಾತು. ಭಾರತದ ಹಸು ಮತ್ತು ಎಮ್ಮೆಯ ಹಾಲಿನ ಕೊಬ್ಬಿನಲ್ಲಿ ಯಾವ ಯಾವ ಆಮ್ಲ ಎಷ್ಟೆಷ್ಟಿದೆ ಎಂದು ಅಚ್ಚಯ ಮತ್ತು ಹಿಲ್ಡಿಚ್ ಸೇರಿ ಬರೆದ ಪ್ರಬಂಧ 1950ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಮುಂದೆ ಅಚ್ಚಯ ಹೈದರಾಬಾದಿನ ಪ್ರಯೋಗಾಲಯದಲ್ಲಿ ದುಡಿದರು, ಮುಂಬೈಯಲ್ಲಿ ಇದ್ದರು, ಕೊನೆಗೆ ನಮ್ಮ ಸಿಎಫ್‌ಟಿಆರ್‌ಐಗೆ ಬಂದರು. ನಮ್ಮ ಊರುಗಳ ಎಣ್ಣೆ ಗಾಣದ ಬಗ್ಗೆ 1993ರಲ್ಲಿ ಒಂದು ಪುಸ್ತಕ, ಭಾರತದ ಆಹಾರದ ಚರಿತ್ರೆಯ ಬಗ್ಗೆ 1994ರಲ್ಲಿ ಇನ್ನೊಂದು. 2002ರಲ್ಲಿ ತೀರಿಕೊಂಡರು.

ಹಿಲ್ಡಿಚ್ ಅವರು ನೂರಾರು ಗಿಡ, ಪ್ರಾಣಿ, ಮೀನುಗಳ ಕೊಬ್ಬನ್ನು ಪಕ್ಕಪಕ್ಕ ಇಟ್ಟು ನೋಡಿದವರು. ಅವರ ದೊಡ್ಡ ಪುಸ್ತಕ ಮೊದಲು ಬಂದದ್ದು 1940ರಲ್ಲಿ. ಅದರಲ್ಲಿ ಅವರು ಗಮನಿಸಿದ ಒಂದು ಸಂಗತಿ ನಮ್ಮ ಕಥೆಗೆ ಬೇಕು. ಜೀವಿ ಎಷ್ಟು ಸರಳವೋ ಅದರ ಕೊಬ್ಬು ಅಷ್ಟು ಜಟಿಲ. ನೆಲದ ಮೇಲಿನ ದೊಡ್ಡ ಪ್ರಾಣಿಗಳ ಕೊಬ್ಬಿನಲ್ಲಿ ನಾಲ್ಕೈದು ಬಗೆಯ ಆಮ್ಲಗಳದ್ದೇ ಕಾರುಬಾರು. ನೀರಿನ ಸಣ್ಣ ಜೀವಿಗಳ ಕೊಬ್ಬಿನಲ್ಲಾದರೋ ಬಗೆಬಗೆಯ ಉದ್ದದ, ಬಗೆಬಗೆಯ ಬಾಗಿನ ಜಲ್ಲೆಗಳ ಸಂತೆ.

ಆದರೆ ಆ ಸಂತೆಯೊಳಗೆ ಹೊಕ್ಕು ಒಂದೊಂದನ್ನೂ ಬಿಡಿಸಿ ನೋಡುವ ಉಪಕರಣ ಹಿಲ್ಡಿಚ್ ಕಾಲದಲ್ಲಿ ಇರಲಿಲ್ಲ. ಕೊಬ್ಬನ್ನು ಭಟ್ಟಿ ಇಳಿಸಿ ಭಾಗ ಮಾಡಬೇಕಿತ್ತು. ಅದಕ್ಕೆ ಸಾಕಷ್ಟು ಕೊಬ್ಬು ಬೇಕು. ಎಮ್ಮೆ ಬೆಣ್ಣೆಯಾದರೆ ಸರಿ, ಒಂದು ಹಿಡಿ ಸ್ಪಂಜಿನಿಂದ ಅಷ್ಟು ಕೊಬ್ಬು ಎಲ್ಲಿಂದ ತರುವುದು?

1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಎಂಬಿಬ್ಬರು ಅನಿಲ ಹರಿಯುವ ಸಣ್ಣ ಕೊಳವೆಯಲ್ಲಿ ವಸ್ತುಗಳನ್ನು ಬೇರ್ಪಡಿಸುವ ವಿಧಾನ ತೋರಿಸಿದರು. ಹೆಸರು ಗ್ಯಾಸ್ ಕ್ರೊಮಟೋಗ್ರಫಿ. ವಿಶೇಷವೆಂದರೆ ಅವರು ಅದನ್ನು ಮೊದಲು ಪರೀಕ್ಷಿಸಿದ್ದೇ ಕೊಬ್ಬಿನ ಆಮ್ಲಗಳ ಮೇಲೆ. ಚಿಕ್ಕ ಜಲ್ಲೆ ಬೇಗ ಹೊರಬರುತ್ತದೆ, ಉದ್ದದ್ದು ತಡವಾಗಿ ಬರುತ್ತದೆ. ಒಂದು ಹನಿ ಸಾಕು. ಅಲ್ಲಿಂದ ಮುಂದೆ ಬೆನ್ನುಮೂಳೆ ಇಲ್ಲದ ಜೀವಿಗಳ ಸರದಿ ಬಂತು.

ಸ್ಪಂಜಿನಲ್ಲಿ ನಿಯಮ ಮುರಿಯಿತು

ಸ್ಪಂಜು ಅಂದರೆ ನಾವು ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಅಲ್ಲ. ಅದು ಕಡಲ ತಳದಲ್ಲಿ ಬಂಡೆಗೆ ಅಂಟಿಕೊಂಡು ನೀರು ಸೋಸಿ ಬದುಕುವ ಪ್ರಾಣಿ. ಬಾಯಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ. ಪ್ರಾಣಿಗಳಲ್ಲಿ ಅತಿ ಸರಳವಾದವುಗಳ ಪೈಕಿ ಒಂದು.

1974ರಲ್ಲಿ ಅಮೆರಿಕದ ಲಿಚ್‌ಫೀಲ್ಡ್ ಮತ್ತು ಅವರ ಜೊತೆಗಾರರು ಒಂದು ಕೆಂಪು ಸ್ಪಂಜಿನ ಕೊಬ್ಬನ್ನು ಬಿಡಿಸಿ ನೋಡಿದರು. ಸಿಕ್ಕಿದ್ದು 26 ಗೆಣ್ಣಿನ ಜಲ್ಲೆ. ನಮ್ಮ ಎಣ್ಣೆಗಳ 18ರ ಮುಂದೆ 26. ಅಷ್ಟೇ ಅಲ್ಲ, ಅದರ ಬಾಗು ಇದ್ದದ್ದು 5ರಲ್ಲಿ ಮತ್ತು 9ರಲ್ಲಿ. ಅಂತರ ಮೂರಲ್ಲ, ನಾಲ್ಕು. ಇನ್ನೊಂದು ಜಲ್ಲೆಯಲ್ಲಿ ಇವೆರಡರ ಜೊತೆ 19ರಲ್ಲೂ ಒಂದು ಬಾಗು. ಮುಂದೆ ಬೇರೆ ಬೇರೆ ಸ್ಪಂಜುಗಳಲ್ಲೂ 24ರಿಂದ 30 ಗೆಣ್ಣಿನವರೆಗಿನ ಇಂಥ ಆಮ್ಲಗಳು ಸಿಗುತ್ತಾ ಹೋದವು. ಅವು ಕೂಡಿಟ್ಟ ಎಣ್ಣೆಯಲ್ಲ. ಜೀವಕೋಶದ ಹೊರಪೊರೆಯನ್ನು ಕಟ್ಟಿರುವ ಕೊಬ್ಬಿನಲ್ಲೇ ಅವು ಇವೆ. ಅಂದರೆ ಸ್ಪಂಜಿನ ಮನೆಯ ಗೋಡೆಯೇ ಈ ವಿಚಿತ್ರ ಇಟ್ಟಿಗೆಯದು. ಕಪ್ಪೆಚಿಪ್ಪಿನ ಜಾತಿಯಲ್ಲೂ, ಅಂದರೆ ಕರಾವಳಿಯ ಮರುವಾಯಿ, ಪಚ್ಚಿಲೆಗಳ ಬಳಗದಲ್ಲೂ, ನಿಯಮ ಮೀರಿದ ಬಾಗುಗಳು ಸಿಕ್ಕವು.

ಇನ್ನೂ ಒಂದು ಸೋಜಿಗ ಇದೆ. ಜೀವಕೋಶದ ಪೊರೆಯ ಕೊಬ್ಬಿನಲ್ಲಿ ರಂಜಕ ಇರುತ್ತದೆ. ಅದು ಇಂಗಾಲಕ್ಕೆ ನೇರ ಅಂಟುವುದಿಲ್ಲ, ನಡುವೆ ಆಮ್ಲಜನಕದ ಕೊಂಡಿ ಇರುತ್ತದೆ. 1959ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ನಡುವಿನ ಕೊಂಡಿ ಇಲ್ಲದೆ ರಂಜಕ ಮತ್ತು ಇಂಗಾಲ ನೇರ ಅಂಟಿಕೊಂಡ ವಸ್ತುವೊಂದನ್ನು ಕಂಡರು. ಎಲ್ಲಿ ಗೊತ್ತೇ? ಕುರಿಯ ಹೊಟ್ಟೆಯಲ್ಲಿ, ಮೇವು ಕೊಳೆಸುವ ಸೂಕ್ಷ್ಮಜೀವಿಗಳಲ್ಲಿ. ಕೆಲವೇ ವರ್ಷಗಳಲ್ಲಿ ಅದೇ ಜೋಡಣೆ ಕಡಲ ಹೂವಿನಂಥ ಪ್ರಾಣಿಯಾದ ಸೀ ಅನಿಮೋನಿನ ಕೊಬ್ಬಿನಲ್ಲಿ ಸಿಕ್ಕಿತು. ನಮ್ಮ ಹಟ್ಟಿಯ ಕುರಿಗೂ ಕಡಲ ತಳಕ್ಕೂ ಒಂದು ಗಂಟು.

ಕೊಬ್ಬು ಹುಡುಕಲು ಹೋದವರಿಗೆ ಸಿಕ್ಕ ಮದ್ದು

ಇದರಿಂದ ಊಟಕ್ಕೇನು, ರೋಗಕ್ಕೇನು ಎಂದು ಕೇಳುವವರಿಗೆ ಎರಡು ನಿಜವಾದ ಕಥೆಗಳಿವೆ.

ಮೊದಲನೆಯದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವರ್ನರ್ ಬರ್ಗ್‌ಮನ್ ಅವರದು. 1930ರ ದಶಕದಿಂದಲೇ ಅವರು ಸ್ಪಂಜು, ಚಿಪ್ಪುಜೀವಿಗಳ ಕೊಬ್ಬಿನ ಜಾತಿಯ ವಸ್ತುಗಳನ್ನು, ಅಂದರೆ ಕೊಲೆಸ್ಟ್ರಾಲ್‌ನ ಅಣ್ಣ ತಮ್ಮಂದಿರಾದ ಸ್ಟೆರಾಲ್‌ಗಳನ್ನು ಹುಡುಕುತ್ತಿದ್ದರು. ಫ್ಲೋರಿಡಾ ತೀರದ ಒಂದು ಸ್ಪಂಜಿನಲ್ಲಿ ಅವರಿಗೆ ಕೊಬ್ಬಲ್ಲದ ಬೇರೆಯೇ ವಸ್ತು ಸಿಕ್ಕಿತು. ಅದನ್ನು 1950–51ರ ಹೊತ್ತಿಗೆ ಪ್ರಕಟಿಸಿದರು. ಆ ರಚನೆಯ ಜಾಡು ಹಿಡಿದು ತಯಾರಾದ ಸೈಟರಬಿನ್ ಎಂಬ ಔಷಧಿಗೆ 1969ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತದ ಕ್ಯಾನ್ಸರಿಗೆ ಅದನ್ನು ಇವತ್ತಿಗೂ ಕೊಡುತ್ತಾರೆ.

ಎರಡನೆಯದು ಹವಳದ ಕಥೆ. ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ನಮ್ಮ ಮೈಯಲ್ಲೂ ಇವೆ. ನೋವು, ಊತ, ಜ್ವರ, ಹೆರಿಗೆಯ ನೋವು ಎಲ್ಲದರಲ್ಲೂ ಅವುಗಳ ಪಾತ್ರವಿದೆ. 20 ಗೆಣ್ಣಿನ ಕೊಬ್ಬಿನ ಆಮ್ಲವೇ ಮಡಿಚಿಕೊಂಡು ನಡುವೆ ಉಂಗುರವಾದರೆ ಅದು ಪ್ರೊಸ್ಟಗ್ಲಾಂಡಿನ್. 1960ರ ದಶಕದಲ್ಲಿ ಸಂಶೋಧಕರು ಇದನ್ನು ಕುರಿಯ ಗ್ರಂಥಿಗಳಿಂದ ಚೂರುಚೂರೇ ತೆಗೆಯುತ್ತಿದ್ದರು. 1969ರಲ್ಲಿ ಅಮೆರಿಕದ ವೈನ್‌ಹೈಮರ್ ಮತ್ತು ಸ್ಪ್ರಾಗಿನ್ಸ್ ಎಂಬಿಬ್ಬರು ಕೆರಿಬಿಯನ್ ಸಮುದ್ರದ ಒಂದು ಮೆದು ಹವಳದಲ್ಲಿ ಇದೇ ಜಾತಿಯ ವಸ್ತು ಕಂಡರು. ಒಣಗಿಸಿದ ಹೊರಪದರದ ತೂಕದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು! ಔಷಧಿ ಕಂಪನಿಯವರು ಹವಳ ಕತ್ತರಿಸಲು ಸಮುದ್ರಕ್ಕೆ ಇಳಿದರು.

ಹವಳ ಉಳಿದದ್ದು ಪ್ರಯೋಗಾಲಯದಿಂದ. ಅದೇ 1969ರಲ್ಲಿ ಇ.ಜೆ. ಕೋರಿ ಎಂಬ ವಿಜ್ಞಾನಿ ಪ್ರೊಸ್ಟಗ್ಲಾಂಡಿನ್‌ಗಳನ್ನು ಪ್ರಯೋಗಾಲಯದಲ್ಲೇ ಕಟ್ಟುವ ದಾರಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಹವಳದ ಅಗತ್ಯ ತಪ್ಪಿತು. ಆಸ್ಪಿರಿನ್ ಮಾತ್ರೆ ನೋವು ತಗ್ಗಿಸುವುದು ಪ್ರೊಸ್ಟಗ್ಲಾಂಡಿನ್ ಹುಟ್ಟುವುದನ್ನು ತಡೆದು ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ವೇನ್ ಮತ್ತಿಬ್ಬರಿಗೆ 1982ರಲ್ಲಿ ನೊಬೆಲ್ ಬಂತು, ಕೋರಿಯವರಿಗೆ 1990ರಲ್ಲಿ.

ಚಿಪ್ಪುಜೀವಿಗೆ ಅಂಟಿದ ಕೆಟ್ಟ ಹೆಸರು

ಈಗ ಅಕ್ಕನ ಮೊದಲ ಪ್ರಶ್ನೆಗೆ ಬರೋಣ, ಕೊಲೆಸ್ಟ್ರಾಲ್‌ಗೆ.

ಹಳೆಯ ಪರೀಕ್ಷೆಗಳು ಒರಟು. ಬಣ್ಣ ಬಂದರೆ ಕೊಲೆಸ್ಟ್ರಾಲ್ ಇದೆ ಎಂದು ಲೆಕ್ಕ. ಅದು ನಿಜವಾಗಿ ಕೊಲೆಸ್ಟ್ರಾಲೋ ಅಥವಾ ಅದರ ಅಣ್ಣ ತಮ್ಮನಾದ ಬೇರೆ ಸ್ಟೆರಾಲೋ ಎಂದು ಬಿಡಿಸಿ ಹೇಳುವ ಶಕ್ತಿ ಆ ಪರೀಕ್ಷೆಗೆ ಇರಲಿಲ್ಲ. ಚಿಪ್ಪುಜೀವಿಗಳು ತಿನ್ನುವುದು ಪಾಚಿ. ಪಾಚಿಯ ಸ್ಟೆರಾಲ್‌ಗಳೇ ಬೇರೆ. ಆಯ್ಸ್ಟರ್ ಎಂಬ ಚಿಪ್ಪುಜೀವಿಯಲ್ಲಿ ಇರುವುದು ಬರೀ ಕೊಲೆಸ್ಟ್ರಾಲ್ ಅಲ್ಲ ಎಂದು ಬರ್ಗ್‌ಮನ್ 1934ರಲ್ಲೇ ಹೇಳಿದ್ದರು. ಆದರೂ ಆಹಾರದ ಪಟ್ಟಿಗಳಲ್ಲಿ ಎಲ್ಲವನ್ನೂ ಒಟ್ಟು ಸೇರಿಸಿ ಕೊಲೆಸ್ಟ್ರಾಲ್ ಎಂದು ಬರೆಯುವುದು ನಡೆದೇ ಇತ್ತು. ಗ್ಯಾಸ್ ಕ್ರೊಮಟೋಗ್ರಫಿ ಬಳಕೆಗೆ ಬಂದ ಮೇಲೆ, ಕಪ್ಪೆಚಿಪ್ಪಿನ ಜಾತಿಯವುಗಳಲ್ಲಿ ನಿಜವಾದ ಕೊಲೆಸ್ಟ್ರಾಲ್ ಮೊದಲು ಬರೆದಿದ್ದಕ್ಕಿಂತ ಕಡಿಮೆ ಎಂದು ತಿಳಿಯಿತು.

ಏಡಿ, ಸೀಗಡಿಯ ವಿಷಯ ಬೇರೆ. ಅವುಗಳಲ್ಲಿ ಇರುವುದು ನಿಜವಾದ ಕೊಲೆಸ್ಟ್ರಾಲೇ. ಸೀಗಡಿಯಲ್ಲಿ ಅದು ಹೆಚ್ಚು. ತಮಾಷೆಯೆಂದರೆ ಸೀಗಡಿ, ಏಡಿಗಳು ಅದನ್ನು ತಾವೇ ತಯಾರಿಸಲಾರವು. ನಮ್ಮ ಲಿವರ್ ಮಾಡುವ ಕೆಲಸ ಅವುಗಳ ಕೈಯಲ್ಲಿ ಆಗದು. ತಿನ್ನುವ ಆಹಾರದಿಂದಲೇ ಪಡೆಯಬೇಕು. ಸೀಗಡಿ ಸಾಕುವವರು ಮೇವಿನಲ್ಲಿ ಅದನ್ನು ಗಮನಿಸಲೇಬೇಕಾದದ್ದು ಅದಕ್ಕೆ. ಆದರೆ ಸೀಗಡಿ, ಏಡಿಯಲ್ಲಿ ಒಟ್ಟು ಕೊಬ್ಬು ಬಹಳ ಕಡಿಮೆ, ತುಪ್ಪ ಡಾಲ್ಡಾದಲ್ಲಿ ಇರುವಂಥ ನೇರ ಜಲ್ಲೆಗಳೂ ಕಡಿಮೆ. ರಕ್ತದ ಕೊಲೆಸ್ಟ್ರಾಲ್ ಏರುವುದರಲ್ಲಿ ಆ ನೇರ ಜಲ್ಲೆಗಳ ಪಾಲು ದೊಡ್ಡದು. ಹಾಗಾಗಿ ಏಡಿ ಬಿಟ್ಟು, ಅದೇ ದಿನ ಬೇಕರಿಯ ಪಫ್ಸ್ ತಿಂದರೆ ಏನು ಬಿಟ್ಟಂತಾಯಿತು? ಯಾರು ಎಷ್ಟು ತಿನ್ನಬೇಕು ಎಂಬುದನ್ನು ಅವರ ರಿಪೋರ್ಟ್ ನೋಡಿದ ಡಾಕ್ಟರೇ ಹೇಳಬೇಕು. ನಾವು ಹೇಳುವುದು ಇಷ್ಟೇ, ಕೇಳುವಾಗ ಏಡಿಯ ಜೊತೆ ಕರಿದ ತಿಂಡಿಯ ಹೆಸರನ್ನೂ ಹೇಳಿ ಕೇಳಿ.

ಬೆಂದ ಏಡಿ ಕೆಂಪಾಗುವುದೇಕೆ?

ಇನ್ನು ಕೆಂಪು ಮಾತ್ರೆ. ಅದರ ಒಳಗಿನ ವಸ್ತುವಿನ ಹೆಸರು ಅಸ್ಟಾಕ್ಸಾಂಥಿನ್. ಇದೂ ಎಣ್ಣೆಯಲ್ಲಿ ಕರಗುವ, ಕೊಬ್ಬಿನ ಬಳಗದ ವಸ್ತು.

ಲಾಬ್ಸ್ಟರ್ ಎಂಬ ದೊಡ್ಡ ಸೀಗಡಿಯಂಥ ಜೀವಿಯಿಂದ ಇದನ್ನು ಬಿಡಿಸಿ ಗುರುತಿಸಿದವರು ರಿಚರ್ಡ್ ಕೂನ್ ಮತ್ತು ಸೋರೆನ್‌ಸೆನ್, 1938ರಲ್ಲಿ. ಅದೇ ವರ್ಷದ ನೊಬೆಲ್ ಕೂನ್ ಅವರಿಗೆ ಬಂತು, ಹಿಟ್ಲರನ ಸರ್ಕಾರ ಅದನ್ನು ಸ್ವೀಕರಿಸಲು ಬಿಡಲಿಲ್ಲ.

ಅಸ್ಟಾಕ್ಸಾಂಥಿನ್‌ನಲ್ಲಿ 40 ಇಂಗಾಲ, 52 ಜಲಜನಕ, 4 ಆಮ್ಲಜನಕ. ನಡುವೆ ಉದ್ದನೆಯ ಸರಪಳಿ, ಎರಡು ತುದಿಗೂ ಒಂದೊಂದು ಉಂಗುರ. ಕ್ಯಾರೆಟ್‌ನ ಕೇಸರಿ ಬಣ್ಣದಲ್ಲೂ 40 ಇಂಗಾಲದ ಇದೇ ಆಕಾರ, ಆದರೆ ಆಮ್ಲಜನಕ ಇಲ್ಲ. ಏಡಿ ಸೀಗಡಿಗಳಲ್ಲಿ ಈ ಉಂಗುರದ ತುದಿಗೆ ಕೊಬ್ಬಿನ ಆಮ್ಲದ ಜಲ್ಲೆಗಳು ಕೊಕ್ಕೆ ಹಾಕಿಕೊಂಡಿರುತ್ತವೆ.

ಈ 40 ಇಂಗಾಲವನ್ನು ಬಿಡಿಸಿದರೆ ಐದೈದು ಇಂಗಾಲದ ಎಂಟು ಇಟ್ಟಿಗೆಗಳು. ಆ ಇಟ್ಟಿಗೆಗೆ ಐಸೊಪ್ರೀನ್ ಎಂದು ಹೆಸರು. ಅದೇ ಇಟ್ಟಿಗೆಯನ್ನು ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಜೋಡಿಸಿದರೆ ಅದು ರಬ್ಬರ್ ಮರದ ಹಾಲಿನ ರಬ್ಬರ್. ಮೇಟಗಳ್ಳಿಯ ಟೈರ್ ಕಾರ್ಖಾನೆಯ ಮುಂದೆ ಓಡಾಡುವ ನಮಗೆ ಆ ವಾಸನೆ ಗೊತ್ತು. ಏಡಿಯ ಬಣ್ಣಕ್ಕೂ ಲಾರಿಯ ಟೈರಿಗೂ ಇಟ್ಟಿಗೆ ಒಂದೇ, ಕಟ್ಟಡ ಬೇರೆ.

ಹಾಗಾದರೆ ಬಕೆಟ್‌ನಲ್ಲಿ ಇರುವಾಗ ಏಡಿ ಕೆಂಪಗೆ ಯಾಕಿಲ್ಲ? ಜೀವ ಇರುವಾಗ ಕೆಂಪು ವಸ್ತುವನ್ನು ಒಂದು ಪ್ರೋಟೀನ್ ಮುಷ್ಟಿಯಲ್ಲಿ ಹಿಡಿದಂತೆ ಬಿಗಿಯಾಗಿ ಹಿಡಿದಿರುತ್ತದೆ. ಆ ಹಿಡಿತದಲ್ಲಿ ಬಣ್ಣ ನೀಲಿ, ಕಪ್ಪು, ಹಸಿರುಗಂದು ಆಗಿ ಕಾಣುತ್ತದೆ. ನೀರು ಕುದಿದಾಗ ಪ್ರೋಟೀನ್ ಸಡಿಲವಾಗುತ್ತದೆ, ಬೆಂದ ಮೊಟ್ಟೆಯ ಬಿಳಿಯಂತೆ ರೂಪ ಕೆಡುತ್ತದೆ. ಮುಷ್ಟಿ ಬಿಚ್ಚುತ್ತದೆ, ಕೆಂಪು ಹೊರಬರುತ್ತದೆ. ಪಾತ್ರೆಯಲ್ಲಿ ಹೊಸದಾಗಿ ಹುಟ್ಟಿದ ಬಣ್ಣವಲ್ಲ ಅದು, ಮೊದಲಿನಿಂದಲೂ ಇದ್ದದ್ದೇ. ಲಾಬ್ಸ್ಟರ್‌ನಲ್ಲಿ ಆ ಹಿಡಿತ ಹೇಗಿದೆ ಎಂಬುದರ ಚಿತ್ರ ವಿಜ್ಞಾನಿಗಳಿಗೆ ಸಿಕ್ಕಿದ್ದು 2002ರಲ್ಲಿ. ಬಣ್ಣ ಗುರುತಿಸಿ 64 ವರ್ಷ ಆದ ಮೇಲೆ.

ತಲೆ ಸಿಪ್ಪೆಯಲ್ಲಿ ಇದ್ದದ್ದು

ಸೀಗಡಿ ಬಿಡಿಸಿದರೆ ತಲೆ, ಸಿಪ್ಪೆ ಸೇರಿ ಸುಮಾರು ಅರ್ಧ ತೂಕ ಕಸಕ್ಕೆ ಹೋಗುತ್ತದೆ. ಕರಾವಳಿಯ ಕಾರ್ಖಾನೆಗಳ ಹಿಂದೆ ಅದು ಕೊಳೆತು ನಾರುವುದು ಹಳೆಯ ಕಥೆ. ಕೆ.ಆರ್.ಎಸ್. ರಸ್ತೆಯ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಆ ಕಸದಲ್ಲಿ ಕೆಂಪನ್ನು ಹುಡುಕಿದರು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹೆಕ್ಸೇನ್ ಎಂಬ ಎರಡು ದ್ರಾವಕಗಳನ್ನು ಸಮ ಬೆರೆಸಿ ತೊಳೆದಾಗ, ಒಂದು ಕೆ.ಜಿ. ಕಸಕ್ಕೆ ಸುಮಾರು 44 ಮಿಲಿಗ್ರಾಂ ಬಣ್ಣ ಸಿಕ್ಕಿತು. ಹತ್ತಿಪ್ಪತ್ತು ಸಾಸಿವೆ ಕಾಳಿನ ತೂಕ.

ದ್ರಾವಕ ಊಟಕ್ಕೆ ಸಲ್ಲದು. ಅದಕ್ಕೆ ಅವರು ಅಡುಗೆ ಎಣ್ಣೆಗಳಲ್ಲೇ ಪ್ರಯತ್ನಿಸಿದರು. ಸೂರ್ಯಕಾಂತಿ, ಕಡಲೆಕಾಯಿ, ಎಳ್ಳು, ಸಾಸಿವೆ, ತೆಂಗು, ಅಕ್ಕಿ ತೌಡು, ಎಲ್ಲ ಎಣ್ಣೆಗಳನ್ನೂ. ಗೆದ್ದದ್ದು ಸೂರ್ಯಕಾಂತಿ. ಕೆ.ಜಿ.ಗೆ ಸುಮಾರು 26 ಮಿಲಿಗ್ರಾಂ. ಕಸದ ಎರಡರಷ್ಟು ಎಣ್ಣೆ, 70 ಡಿಗ್ರಿ ಬಿಸಿ, ಎರಡೂವರೆ ಗಂಟೆ. ಇದು ಪ್ರಕಟವಾದದ್ದು 2005ರಲ್ಲಿ. ಅದೇ ತಂಡದವರು ಅದೇ ವರ್ಷ ಕಡಲ ಏಡಿಯನ್ನೂ ಸಿಹಿನೀರಿನ ಏಡಿಯನ್ನೂ ಇಟ್ಟುಕೊಂಡು ಎರಡರಲ್ಲೂ ಬಣ್ಣ ಎಷ್ಟಿದೆ, ಯಾವ ಬಗೆಯದು ಎಂದು ಅಳೆದು ಬರೆದರು. ಗದ್ದೆ ಏಡಿಯ ನಂಟನೂ ಹೀಗೆ ವಿಜ್ಞಾನದ ಪುಟ ಸೇರಿತು. ಇಂಥ ಬಣ್ಣ ಮುಖ್ಯವಾಗಿ ಬೇಕಾಗುವುದು ಸಾಕಿದ ಮೀನು, ಸೀಗಡಿಗಳ ಮೇವಿಗೆ. ಸಾಕಿದ ಸಾಲ್ಮನ್ ಮೀನಿನ ಮಾಂಸ ಗುಲಾಬಿ ಆಗುವುದು ಮೇವಿನಲ್ಲಿ ಬೆರೆಸಿದ ಈ ವಸ್ತುವಿನಿಂದಲೇ.

ಮಾತ್ರೆ ಮಾರುವವರು ಹೇಳದ ಮಾತೊಂದಿದೆ. ಸೀಗಡಿಯೂ ಈ ಕೆಂಪನ್ನು ಬುಡದಿಂದ ತಯಾರಿಸುವುದಿಲ್ಲ. ಪಾಚಿಯಿಂದ ಬಂದ ಬಣ್ಣವನ್ನು ತಿದ್ದಿಕೊಳ್ಳುತ್ತದೆ. ಮನುಷ್ಯರು ನುಂಗುವ ಮಾತ್ರೆಯಲ್ಲಿ ಹೆಚ್ಚಾಗಿ ಇರುವುದು ಹೆಮಟೋಕಾಕಸ್ ಎಂಬ ಸಿಹಿನೀರಿನ ಪಾಚಿಯ ಬಣ್ಣ. ನೀರು ಬತ್ತಿ ಬಿಸಿಲು ಬಡಿದಾಗ ತನ್ನನ್ನು ಕಾಪಾಡಿಕೊಳ್ಳಲು ಕೆಂಪಾಗುವ ಪಾಚಿ ಅದು. ಆ ಪಾಚಿಯ ಮೇಲೂ ಸಿಎಫ್‌ಟಿಆರ್‌ಐಯಲ್ಲಿ ಕೆಲಸ ನಡೆದಿದೆ. ಆದರೆ ಅದು ಯಾವ ಕಾಯಿಲೆಯನ್ನೂ ವಾಸಿ ಮಾಡುವ ಮದ್ದೆಂದು ಸಾಬೀತಾಗಿಲ್ಲ. 'ರಕ್ತ ಶುದ್ಧಿ' ಎಂಬುದು ಮಾರುವವರ ಮಾತು. ಕಾಡ್ ಎಣ್ಣೆಯ ಕಾಲದಂತೆ ಇಲ್ಲೂ ಗುಣ ಗೊತ್ತಾಗುವ ಮೊದಲೇ ಡಬ್ಬಿ ಮನೆಗೆ ಬಂದಿದೆ.

ಎಲ್ಲವೂ ಪಾಚಿಯಿಂದಲೇ ಬರುತ್ತದೆ ಎಂಬ ಮಾತಿಗೂ 2018ರಲ್ಲಿ ತಿದ್ದುಪಡಿ ಬಂತು. ಒಮೆಗಾ-3 ಕೊಬ್ಬನ್ನು ಬುಡದಿಂದ ತಯಾರಿಸುವುದು ಪ್ರಾಣಿಗಳ ಕೈಯಲ್ಲಿ ಆಗದು, ಕಡಲಿನಲ್ಲಿ ಅದು ಸೂಕ್ಷ್ಮ ಪಾಚಿಗಳ ಕೆಲಸ ಎಂದು ಪಠ್ಯಪುಸ್ತಕ ಹೇಳುತ್ತಿತ್ತು. ಹವಳ, ಕಡಲ ಹುಳು, ಚಿಪ್ಪುಜೀವಿಗಳಂಥ ಹಲವು ಬೆನ್ನುಮೂಳೆ ಇಲ್ಲದ ಪ್ರಾಣಿಗಳಲ್ಲಿ ಅದಕ್ಕೆ ಬೇಕಾದ ಜೀನ್‌ಗಳಿವೆ ಎಂದು ಆ ವರ್ಷ ತೋರಿಸಿದರು. ನಮಗಿಲ್ಲದ ಕೌಶಲ ಹುಳುವಿಗಿದೆ.

ಮತ್ತೆ ಬಕೆಟ್ ಹತ್ತಿರ

ಈ ಚರಿತ್ರೆಯಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಒಂದು. ಅಳತೆ ಒರಟಾಗಿದ್ದಾಗ ಎಲ್ಲವೂ ಒಂದೇ 'ಕೊಬ್ಬು'. ಒಳ್ಳೆಯದು ಅಂದರೆ ಎಲ್ಲ ಒಳ್ಳೆಯದು, ಕೆಟ್ಟದ್ದು ಅಂದರೆ ಎಲ್ಲ ಕೆಟ್ಟದ್ದು. ಅಳತೆ ಸೂಕ್ಷ್ಮವಾದಂತೆ ಒಂದೊಂದು ಜಲ್ಲೆಯೂ ಬೇರೆ, ಒಂದೊಂದರ ಕೆಲಸವೂ ಬೇರೆ ಎಂದು ತಿಳಿಯಿತು. ನಮ್ಮ ಹಳ್ಳಿಗಳಿಗೆ ಇನ್ನೂ ತಲುಪುತ್ತಿರುವುದು ಒರಟು ಅಳತೆಯ ಮಾತು. ಆ ಸಂದಿನಲ್ಲೇ ಡಬ್ಬಿ ಮಾರುವವರು ಬೈಕ್ ನಿಲ್ಲಿಸುತ್ತಾರೆ.

ಮುಂದಿನ ಭಾನುವಾರ ಅಕ್ಕನಿಗೆ ಇಷ್ಟನ್ನೂ ನಮಗೆ ಬಂದಂತೆ ಹೇಳಿದೆವು. ಇನ್ನೊಂದು ಡಬ್ಬಿ ಕೊಳ್ಳುವ ಮೊದಲು ಡಾಕ್ಟರಿಗೆ ಆ ಡಬ್ಬಿಯನ್ನೇ ತೋರಿಸಿ ಎಂದೆವು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಿಪ್ಪೇಲಿರೋ ಕೆಂಪು ಎಣ್ಣೇಗ್ ಬಿಡ್ತದೆ ಅಂದ್ರಲ್ಲ, ನಮ್ಮತ್ತೆ ಏಡಿ ಕಾಲ ಜಜ್ಜಿ, ರಸ ಹಿಂಡಿ, ಒಗ್ಗರಣೆಗೇ ಹಾಕೋರು. ಎಣ್ಣೆ ಮೇಲೆ ಕೆಂಪಗೆ ತೇಲೋದು. ಅದ್ಕೇನಾ?' ಎಂದರು.

ಹೌದಕ್ಕ, ಅದಕ್ಕೇ ಎಂದೆವು. ಅಕ್ಕ ನಕ್ಕು ಸೊಪ್ಪು ಸರಿಸಿ, ಅರ್ಧ ಕೆ.ಜಿ. ಏಡಿ ತೂಗಿ ನಮ್ಮ ಚೀಲಕ್ಕೆ ಹಾಕಿದರು.